ಕೈಯಲ್ಲಿರುವ ಕಾಸಿಗೆ ಒಂದು ಸುರುಳಿ ದಾರ

೧೯೩೨ನೆಯ ಇಸವಿ ಜೂನ್ ತಿಂಗಳ ಎರಡನೆಯ ತಾರೀಖು. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಟೆಲ್‌ಫೇರ್ ಜಿಲ್ಲೆಯಲ್ಲಿ ಮಳೆ ಬಿದ್ದು ನೆಲವೆಲ್ಲ ಕೆಸರಾಗಿ, ಹೊಲದ ಕೆಲಸ ನಿಂತಿತ್ತು. ಇಪ್ಪತ್ತರ ಹರೆಯದ ಜಾರ್ಜ್ ಪೆರ್ರಿ ಎಂಬ ಬಡ ರೈತ, ಜ್ಯಾಕ್ ಪೇಜ್ ಎಂಬ ಗೆಳೆಯನನ್ನು ಜೊತೆ ಮಾಡಿಕೊಂಡು ಮಾಂಟ್‌ಗಮರಿ ಕೆರೆಗೆ ಮೀನು ಹಿಡಿಯಲು ಹೊರಟ. ಅದು ಹೆಸರಿಗೆ ಮಾತ್ರ ಕೆರೆ. ಆಕ್ಮಲ್ಗೀ ನದಿ ಎಂದೋ ತನ್ನ ಪಾತ್ರವನ್ನು ಬದಲಿಸಿದಾಗ ಹಿಂದೆ ಉಳಿದುಹೋದ ಒಂದು ತಿರುವಿನ ನೀರು. ಕಾಲ, ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ತಂದೆ ತೀರಿಕೊಂಡು ಮನೆಯ ಹೊಣೆ ಹುಡುಗನ ಹೆಗಲಿಗೆ ಬಿದ್ದಿತ್ತು. ಮೀನು ಹಿಡಿಯುವುದು ಆತನಿಗೆ ವಿನೋದವೂ ಹೌದು, ಅಡುಗೆಮನೆಯ ಪ್ರಶ್ನೆಯೂ ಹೌದು. ಗೆಳೆಯರಿಬ್ಬರಿಗೂ ಸೇರಿ ಇದ್ದುದು ಒಂದೇ ಒಂದು ಹುಸಿಮೀನು: ಮರದಲ್ಲಿ ಕಡೆದು, ಹುರುಪೆ ಹುರುಪೆಯಾಗಿ ಬಣ್ಣ ಬಳಿದು, ಹೊಟ್ಟೆಗೆ ಕೊಕ್ಕೆ ಸಿಕ್ಕಿಸಿದ ಅಂಗಡಿಯ ಸರಕು.

ಪೆರ್ರಿ ಎಸೆದ ಆ ಹುಸಿಮೀನಿನ ಬಳಿ ನೀರು ಒಮ್ಮೆ ಕದಡಿತು. ಆತ ಕೋಲನ್ನು ಸೆಳೆದ. ದಾರ ಬಿಗಿಯಿತು, ಆದರೆ ಅಲುಗಲೊಲ್ಲದು. ನೀರಿನೊಳಗಿನ ಯಾವುದೋ ಮರದ ದಿಮ್ಮಿಗೆ ತೊಡರಿತೆಂದೇ ಅವನ ಎಣಿಕೆ. ಆ ಗಳಿಗೆಯಲ್ಲಿ ತನ್ನನ್ನು ಕಾಡಿದ್ದು ಮೀನು ಹೋದೀತೆಂಬ ಅಳುಕಲ್ಲ, ಇದ್ದೊಂದು ಹುಸಿಮೀನು ಹೋದೀತೆಂಬ ಅಳುಕು ಎಂದು ಆತ ಮುಂದೆ ಹೇಳಿಕೊಂಡಿದ್ದಾನೆ. ಬಳಿಕ ಆ ದಿಮ್ಮಿ ಚಲಿಸತೊಡಗಿತು.

ಪೆರ್ರಿಯ ಅಂದಿನ ಚಿಂತೆಯಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ಗಾಳದ ದಾರ ಇರುವುದು ಮೀನನ್ನು ಎಳೆಯುವುದಕ್ಕೆ ಎಂದು ಜನ ತಿಳಿಯುತ್ತಾರೆ. ಉಳ್ಳವನ ಮಟ್ಟಿಗೆ ಅದು ಸರಿಯಿರಬಹುದು. ಇಲ್ಲದವನ ಮಟ್ಟಿಗೆ ದಾರದ ಮೊದಲ ಕೆಲಸ, ಅದರ ತುದಿಗೆ ಕಟ್ಟಿದ ಸರಕನ್ನು ಮರಳಿ ಕೈಗೆ ತಂದುಕೊಡುವುದು. ಇಂದು ಅಮೆರಿಕದ ಅಂಗಡಿಗಳಲ್ಲಿ ಒಂದು ಹುಸಿಮೀನಿನ ಬೆಲೆ ಸಾಮಾನ್ಯವಾಗಿ ಐದು ಡಾಲರಿನಿಂದ ಮೇಲಕ್ಕೆ ಏರುತ್ತದೆ. ಸಾಧಾರಣ ನೈಲಾನ್ ದಾರದ ಮುನ್ನೂರು ಗಜದ ಸುರುಳಿಗೆ ಹತ್ತು ಡಾಲರಿನ ಆಸುಪಾಸು. ಹಳೆಯ ದಾರವನ್ನು ಇನ್ನೊಂದು ತಿಂಗಳು ಎಳೆದೇನು ಎಂದು ಒಂದೆರಡು ಡಾಲರು ಉಳಿಸಿದವನು, ಒಂದೇ ಬೆಳಗಿನಲ್ಲಿ ಎರಡು ಹುಸಿಮೀನು ಕಳೆದುಕೊಂಡು ಹತ್ತು ಡಾಲರಿನ ನಷ್ಟ ಹೊತ್ತು ಮನೆಗೆ ಬರುತ್ತಾನೆ.

ನಮ್ಮ ಕೆರೆಯ ಏರಿಯ ಮೇಲೆ ಬಿದಿರುಕೋಲು ಹಿಡಿದು, ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ನೋಡುತ್ತ ಕುಳಿತ ಹುಡುಗನಿಗೆ ಈ ಚಿಂತೆಯಿಲ್ಲ. ಅವನ ದಾರ ಮೂರು ಮಾರು. ಹರಿದರೆ ಇನ್ನೊಂದು ತುಂಡು. ಆದರೆ ಬಾಸ್ ಮೀನಿನ ಬೇಟೆ ಬೇರೆ ಬಗೆಯದು. ದೊಡ್ಡಬಾಯಿಯ ಬಾಸ್ ಎಂದು ಅಮೆರಿಕದವರು ಕರೆಯುವ ಈ ಹಸುರು ಮೀನು ನೀರ ನಡುವೆ ಬಯಲಲ್ಲಿ ಅಲೆಯುವುದಕ್ಕಿಂತ ಜೊಂಡಿನ ಮರೆಯಲ್ಲಿ, ಮುಳುಗಿದ ಮರದ ಬುಡದಲ್ಲಿ, ಕಟ್ಟೆಯ ಕಂಬದ ನೆರಳಿನಲ್ಲಿ ಹೊಂಚಿ ಕೂರುವುದನ್ನೇ ಮೆಚ್ಚುತ್ತದೆ. ಹತ್ತಿರ ಸುಳಿದುದನ್ನು ತಟ್ಟನೆ ನುಂಗುತ್ತದೆ. ನುಂಗಿದೊಡನೆ ಮತ್ತೆ ಅದೇ ಮರೆಗೆ ತಿರುಗುತ್ತದೆ. ಆದುದರಿಂದ ಗಾಳಗಾರನೂ ಅಲ್ಲಿಗೇ ಎಸೆಯಬೇಕು, ಅಲ್ಲಿಂದಲೇ ಎಳೆಯಬೇಕು. ಅದೂ ಒಂದು ಸಲವಲ್ಲ, ದಿನಕ್ಕೆ ಇನ್ನೂರು ಮುನ್ನೂರು ಸಲ. ಪ್ರತಿ ಎಸೆತದಲ್ಲೂ ದಾರ ಕೋಲಿನ ಬಳೆಗಳಿಗೆ ಉಜ್ಜುತ್ತದೆ, ಮರದ ತೊಗಟೆಗೆ ಉಜ್ಜುತ್ತದೆ, ಕಲ್ಲಿಗೆ ಉಜ್ಜುತ್ತದೆ. ಹಿಡಿಯುವ ಮೀನು ಒಂದು ಪೌಂಡಿನಿಂದ ನಾಲ್ಕೈದು ಪೌಂಡಿನವರೆಗೆ ತೂಗಿದರೆ ಅದೇ ಹೆಚ್ಚು. ಇಷ್ಟು ಚಿಕ್ಕ ಮೀನಿಗೆ ಹತ್ತು ಪೌಂಡಿನ ದಾರವೇಕೆ ಎಂಬ ಪ್ರಶ್ನೆಗೆ ಉತ್ತರ ಆ ತೊಗಟೆಯಲ್ಲಿದೆ.

ಟೆಕ್ಸಾಸಿನಲ್ಲೋ ಜಾರ್ಜಿಯಾದಲ್ಲೋ ನೆಲೆಸಿದ ನಮ್ಮವರ ಮನೆಯ ಹುಡುಗನೊಬ್ಬ ತನ್ನ ಕೈಕಾಸನ್ನು ಕೂಡಿಟ್ಟು, ತಂದೆಯನ್ನು ಕರೆದುಕೊಂಡು ಇಂಥ ಅಂಗಡಿಗೆ ಹೋಗುತ್ತಾನೆ ಎಂದಿಟ್ಟುಕೊಳ್ಳೋಣ. ಹದಿನಾರು ತುಂಬದ ಮಕ್ಕಳಿಗೆ ಅಲ್ಲಿನ ಬಹುತೇಕ ಸಂಸ್ಥಾನಗಳಲ್ಲಿ ಲೈಸೆನ್ಸು ಬೇಕಿಲ್ಲ. ತಂದೆಯೂ ಕೋಲು ಹಿಡಿಯುವುದಾದರೆ ಅವರ ಲೈಸೆನ್ಸಿಗೆ ಮೊದಲು ಹಣ ತೆಗೆದಿರಿಸಬೇಕು. ಕೋಲಿಗೂ ರೀಲಿಗೂ ಕೊಟ್ಟು ಉಳಿದುದು ಒಂದು ಸುರುಳಿ ದಾರದ ಹಣ. ಎದುರಿಗೆ ಗೋಡೆಯ ಉದ್ದಕ್ಕೂ ಬಣ್ಣಬಣ್ಣದ ಡಬ್ಬಿಗಳು. ಸೀರೆಯ ಅಂಗಡಿಯಲ್ಲಿ ಕುಳಿತ ಗಂಡಸಿನಂತೆ ತಂದೆ ಮಗ ಇಬ್ಬರೂ ಕಕ್ಕಾಬಿಕ್ಕಿಯಾದರೆ ಆಶ್ಚರ್ಯವಿಲ್ಲ.

ಪೆರ್ರಿಯ ಕಾಲದಲ್ಲಿ ಈ ಗೊಂದಲವಿರಲಿಲ್ಲ. ಆಗಿನ ಗಾಳಗಾರರ ರೀಲಿನಲ್ಲಿ ಹೆಚ್ಚಾಗಿ ಇರುತ್ತಿದ್ದುದು ಹೆಣೆದ ರೇಷ್ಮೆಯ ದಾರ. ಅದಕ್ಕೆ ಎಣ್ಣೆಯ ಹದ ಕೊಡಬೇಕು. ಸಂಜೆ ಮನೆಗೆ ಬಂದೊಡನೆ ರೀಲಿನಿಂದ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕು. ಮರೆತರೆ ಮುಗ್ಗು ಹಿಡಿದು ಕೊಳೆಯುತ್ತದೆ. ಒಳ್ಳೆಯ ರೇಷ್ಮೆ ಸೀರೆಗೆ ಮನೆಯ ಹೆಂಗಸರು ತೋರುವ ಎಚ್ಚರವನ್ನೆಲ್ಲ ಗಾಳದ ದಾರಕ್ಕೂ ತೋರಬೇಕಾಗಿತ್ತು. ಅದರ ತುದಿಗೆ ಸೇರಿಸುತ್ತಿದ್ದ, ನೀರಿನಲ್ಲಿ ಅಷ್ಟಾಗಿ ಕಾಣದ ಎಳೆಯೂ ರೇಷ್ಮೆಹುಳುವಿನ ಕೊಡುಗೆಯೇ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರು ನೂಲು ಗೂಡಿನಿಂದ ಬರುವುದನ್ನು ಬಲ್ಲರು. ಆ ಎಳೆಯಾದರೋ ಗೂಡಿನಿಂದ ಬಂದುದಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ಮೊದಲೇ ಹುಳಿನೀರಿನಲ್ಲಿ ನೆನೆಸಿ, ಒಡಲಿನ ರೇಷ್ಮೆಗ್ರಂಥಿಯನ್ನು ತೆಗೆದು, ಕೈಯಿಂದ ಜಗ್ಗಿ ಒಂದು ಗಟ್ಟಿ ತಂತಿ ಮಾಡುತ್ತಿದ್ದರು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತ ಇದಕ್ಕೆ ಹೆಸರಾಗಿತ್ತು.

ಈ ಹುಳುವಿನ ಉದ್ಯೋಗಕ್ಕೆ ಸಂಚಕಾರ ತಂದವನು ವಾಲೆಸ್ ಕರೋಥರ್ಸ್ ಎಂಬ ರಸಾಯನ ವಿಜ್ಞಾನಿ. ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ೧೯೩೫ರಲ್ಲಿ ಆತ ನೈಲಾನನ್ನು ತಯಾರಿಸಿದ. ೧೯೩೭ರಲ್ಲಿ ತೀರಿಕೊಂಡ ಆತ ಅದು ಅಂಗಡಿಗೆ ಬಂದುದನ್ನು ಕಾಣಲಿಲ್ಲ. ೧೯೩೮ರಲ್ಲಿ ಅದು ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಬಂತು, ಬೆನ್ನಿಗೇ ಗಾಳದ ದಾರವಾಯಿತು, ೧೯೪೦ರಲ್ಲಿ ಹೆಂಗಸರ ಕಾಲುಚೀಲವಾಗಿ ದೇಶವನ್ನೇ ಮರುಳು ಮಾಡಿತು, ಯುದ್ಧ ಬಂದಾಗ ಪ್ಯಾರಾಚೂಟಾಯಿತು. ಮೊದಲ ನೈಲಾನ್ ದಾರ ತಂತಿಯಂತೆ ಬಿರುಸು. ರೀಲಿನಿಂದ ಸುರುಳಿ ಸುರುಳಿಯಾಗಿ ಹಾರುತ್ತಿತ್ತು. ಮೆದುವಾದ, ಒಂದೇ ಸಮನಾದ ನೈಲಾನ್ ದಾರ ಸಾಮಾನ್ಯರ ಕೈಗೆ ಬಂದುದು ೧೯೫೮ರ ಹೊತ್ತಿಗೆ. ಒಣಗಿಸುವ ಗೋಜಿಲ್ಲ, ಎಣ್ಣೆಯಿಲ್ಲ, ಬೆಲೆಯೂ ಅಗ್ಗ. ಶ್ರೀಮಂತನ ಹವ್ಯಾಸವನ್ನು ಕೂಲಿಯವನ ಕೈಗೆ ತಂದುಕೊಟ್ಟ ಸಾಮಗ್ರಿಗಳಲ್ಲಿ ಇದು ದೊಡ್ಡದು.

ಈಗ ಅಂಗಡಿಯ ಗೋಡೆಗೆ ಮರಳಬಹುದು. ಡಬ್ಬಿಗಳು ನೂರಿದ್ದರೂ ಜಾತಿ ಮೂರೇ. ಒಂಟಿ ಎಳೆಯ ನೈಲಾನ್ ಒಂದು. ಜಪಾನಿನ ಕುರೇಹಾ ಕಂಪನಿ ೧೯೭೧ರಲ್ಲಿ ತಂದ ಫ್ಲೂರೋಕಾರ್ಬನ್ ಇನ್ನೊಂದು. ೧೯೯೦ರ ದಶಕದಲ್ಲಿ ಬಳಕೆಗೆ ಬಂದ, ಪಾಲಿಥೀನಿನ ಬಲವಾದ ನೂಲುಗಳನ್ನು ಜಡೆಯಂತೆ ಹೆಣೆದ ದಾರ ಮೂರನೆಯದು.

ಫ್ಲೂರೋಕಾರ್ಬನ್ ದಾರದ ಮೇಲೆ ಗಾಳಗಾರರಿಗೆ ವ್ಯಾಮೋಹ ಹೆಚ್ಚು. ಅದು ನೀರಿನಲ್ಲಿ ಕಾಣುವುದಿಲ್ಲ ಎಂಬುದು ಮುಖ್ಯ ಆಕರ್ಷಣೆ. ಬೆಳಕನ್ನು ಬಗ್ಗಿಸುವ ಪ್ರಮಾಣ ನೀರಿಗೆ ೧.೩೩, ಈ ದಾರಕ್ಕೆ ೧.೪೨, ನೈಲಾನಿಗೆ ೧.೫ಕ್ಕೂ ಮೇಲೆ. ಅಂತರ ಕಡಿಮೆಯಾದಷ್ಟೂ ದಾರ ನೀರಿನಲ್ಲಿ ಕರಗಿದಂತೆ ಕಾಣುವುದು ನಿಜ. ಆದರೆ ಪೇಟೆಯ ಪಕ್ಕದ ಕೆರೆಯ ರಾಡಿ ನೀರಿನಲ್ಲಿ ಈ ಸೂಕ್ಷ್ಮಕ್ಕೆ ಎಷ್ಟು ಬೆಲೆ? ಅಲ್ಲಿ ಬಾಸ್ ಮೀನು ದಾರವನ್ನು ಪರೀಕ್ಷಿಸುತ್ತ ಕೂರುವುದಿಲ್ಲ. ಇದು ಹಿಗ್ಗುವುದೇ ಇಲ್ಲ ಎಂದು ನಂಬಿದವರೂ ಉಂಟು, ಹಿಗ್ಗುತ್ತದೆ. ತೂಕದಲ್ಲಿ ನೀರಿಗಿಂತ ಮುಕ್ಕಾಲು ಪಾಲಿಗೂ ಹೆಚ್ಚು ಭಾರವಾದುದರಿಂದ ಚೆನ್ನಾಗಿ ಮುಳುಗುತ್ತದೆ. ತಳದ ಬೇಟೆಗೆ ಅದು ಗುಣ, ನೀರ ಮೇಲೆ ತೇಲುವ ಹುಸಿಮೀನಿಗೆ ಅದೇ ದೋಷ, ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಗಂಟನ್ನು ಒಣಗಿದ್ದಾಗಲೇ ಬಿಗಿದರೆ ತಿಕ್ಕಾಟದ ಬಿಸಿಗೆ ಸೊರಗಿ ಅಲ್ಲೇ ಕಡಿಯುತ್ತದೆ. ಬೆಲೆ ನೈಲಾನಿನ ಎರಡು ಪಟ್ಟಿನಿಂದ ನಾಲ್ಕು ಪಟ್ಟು. ಕಲ್ಲುಗಳಿಗೆ ಉಜ್ಜಿದರೂ ತಾಳುವ ಶಕ್ತಿ ಅದಕ್ಕಿದೆ, ತಿಳಿನೀರಿನ ಆಳವಾದ ಜಲಾಶಯಗಳಲ್ಲಿ ಅದರ ಉಪಯೋಗವೂ ಇದೆ. ಆದರೆ ಒಂದೇ ಸುರುಳಿಯ ಹಣವಿರುವವನು ಅದನ್ನು ಮುಟ್ಟದಿರುವುದು ಲೇಸು.

ಹೆಣೆದ ದಾರದ ಮಾತು ಇಷ್ಟು ಸುಲಭದ್ದಲ್ಲ. ಮೂವತ್ತು ಪೌಂಡು ತಾಳುವ ಹೆಣೆದ ದಾರ ಎಂಟು ಪೌಂಡಿನ ನೈಲಾನಿನಷ್ಟೇ ಸಣ್ಣ. ಹಿಗ್ಗು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಮೂವತ್ತು ಗಜದ ಆಚೆ ಮೀನು ಮೂಸಿದರೂ ಕೈಗೆ ತಿಳಿಯುತ್ತದೆ. ಜೊಂಡನ್ನು ಗರಗಸದಂತೆ ಕೊಯ್ದುಕೊಂಡು ಬರುತ್ತದೆ. ಬಿಸಿಲಿಗೂ ನೀರಿಗೂ ಬೇಗ ಜಗ್ಗದೆ ಎರಡು ಮೂರು ವರ್ಷ ಬಾಳುತ್ತದೆ. ಒಂದು ತುದಿ ಸವೆದ ಮೇಲೆ ಬಿಚ್ಚಿ, ತಲೆಕೆಳಗು ಮಾಡಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ದೀರ್ಘ ಲೆಕ್ಕದಲ್ಲಿ ಇದು ದುಬಾರಿಯಲ್ಲ ಎಂಬ ವಾದದಲ್ಲಿ ಹುರುಳಿದೆ. ಹಾಗಾದರೆ ಅದನ್ನೇ ಕೊಳ್ಳಬಾರದೇಕೆ? ಮೊದಲನೆಯದಾಗಿ, ಉಜ್ಜಾಟದಲ್ಲಿ ಅದು ಸೋಲುತ್ತದೆ. ಚೂಪಾದ ಕಲ್ಲಿನ ಅಂಚಿಗೆ ತಗಲಿದರೆ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯದಾಗಿ, ತಿಳಿನೀರಿನಲ್ಲಿ ಹಗ್ಗದಂತೆ ಕಾಣುತ್ತದೆ. ಮರೆಮಾಚಲು ತುದಿಗೆ ಬೇರೆ ದಾರದ ತುಂಡು ಕಟ್ಟಬೇಕು, ಎಂದರೆ ಎರಡನೆಯ ಸುರುಳಿ. ನುಣುಪಾದುದರಿಂದ ರೀಲಿನ ಮೇಲೆ ನೇರ ಸುತ್ತಿದರೆ ಇಡಿಯ ಸುತ್ತೇ ಜಾರಿ ತಿರುಗುತ್ತದೆ. ಅಡಿಗೆ ನೈಲಾನ್ ಸುತ್ತಬೇಕು, ಅದೂ ಎರಡನೆಯ ಸುರುಳಿಯೇ. ಕೊನೆಯದಾಗಿ, ತುದಿಯ ಹುಸಿಮೀನು ದಿಮ್ಮಿಗೆ ಸಿಕ್ಕಿಕೊಂಡರೆ ಈ ದಾರವನ್ನು ಬರಿಗೈಗೆ ಸುತ್ತಿ ಎಳೆಯುವಂತಿಲ್ಲ, ಬೆರಳನ್ನೇ ಕೊಯ್ದೀತು. ಹುಡುಗರ ಕೈಗೆ ಕೊಡುವ ಮೊದಲು ಇದನ್ನು ಯೋಚಿಸಬೇಕು. ಸುತ್ತಲಿನ ಕೆರೆಗಳೆಲ್ಲ ಜೊಂಡಿನಿಂದ ಮುಚ್ಚಿದ್ದರೆ ಮಾತು ಬೇರೆ. ಅಲ್ಲಿ ನೈಲಾನ್ ಹಿಡಿದು ಹೋದವನು ಮೀನಿಗಿಂತ ಹೆಚ್ಚು ಸೊಪ್ಪು ತರುತ್ತಾನೆ.

ಉಳಿದುದು ನೈಲಾನ್. ಅದರ ಮೇಲಿನ ದೂರುಗಳೂ ಸುಳ್ಳಲ್ಲ. ಬಿಸಿಲಿಗೆ ಸೊರಗುತ್ತದೆ, ನೀರು ಹೀರಿ ಬಲದಲ್ಲಿ ಒಂದಿಷ್ಟು ಕುಂದುತ್ತದೆ, ಚಳಿಯಲ್ಲಿ ಸುರುಳಿಯ ಆಕಾರವನ್ನು ಬಿಡಲೊಲ್ಲದು. ಎಳೆದರೆ ಕಡಿಯುವ ಮುನ್ನ ತನ್ನ ಉದ್ದದ ಐದನೆಯ ಒಂದು ಪಾಲಿಗೂ ಮಿಕ್ಕಿ ಹಿಗ್ಗುತ್ತದೆ. ಆದರೆ ಈ ಹಿಗ್ಗನ್ನು ಬರಿಯ ದೋಷವೆಂದು ಎಣಿಸಿದವರು ಕಲಿಯುವವನ ಕೈಯನ್ನು ನೋಡಿಲ್ಲ. ಮೀನು ಕಚ್ಚಿದ ಸಂಭ್ರಮಕ್ಕೆ ಹುಡುಗ ಕೋಲನ್ನು ರಪ್ಪನೆ ಸೆಳೆಯುತ್ತಾನೆ. ಹಿಗ್ಗದ ದಾರವಾದರೆ ಮೀನಿನ ಬಾಯಿ ಹರಿದು ಕೊಕ್ಕೆ ಕಳಚುತ್ತದೆ, ಇಲ್ಲವೆ ಗಂಟು ಕಡಿಯುತ್ತದೆ. ನೈಲಾನ್ ಆ ಅವಸರವನ್ನು ನುಂಗಿಕೊಳ್ಳುತ್ತದೆ. ಮೀನು ದೋಣಿಯ ಬಳಿ ಬಂದು ಕೊನೆಯ ಸಲ ತಲೆ ಕೊಡವಿದಾಗಲೂ ಕಾಯುವುದು ಆ ಹಿಗ್ಗೇ. ತೇಲುವ ಹುಸಿಮೀನಿಗೂ ಸರಿ, ನಡುನೀರಿನಲ್ಲಿ ಈಜುವುದಕ್ಕೂ ಸರಿ, ರಬ್ಬರಿನ ಹುಳುವನ್ನು ತಳದಲ್ಲಿ ಎಳೆಯುವುದಕ್ಕೂ ಆದೀತು. ಯಾವುದರಲ್ಲೂ ಮೊದಲನೆಯ ಸ್ಥಾನವಿಲ್ಲ. ಯಾವುದರಲ್ಲೂ ಕೈಬಿಡುವುದೂ ಇಲ್ಲ. ಒಂದೇ ಜೊತೆ ಚಪ್ಪಲಿಯಿರುವವನಿಗೆ ಬೇಕಾದುದು ಇಂಥ ಗುಣವೇ.

ಎಷ್ಟು ಪೌಂಡಿನದು? ರೀಲು ಸ್ಪಿನ್ನಿಂಗ್ ಜಾತಿಯದಾದರೆ ಹತ್ತು. ಬೇಟ್‌ಕಾಸ್ಟಿಂಗ್ ರೀಲಾದರೆ ಹನ್ನೆರಡು. ಕೆರೆ ತೀರ ಬಯಲಾಗಿ ತಿಳಿಯಾಗಿದ್ದರೆ ಸ್ಪಿನ್ನಿಂಗ್ ರೀಲಿಗೆ ಎಂಟಕ್ಕೆ ಇಳಿಯಬಹುದು. ಇಲ್ಲಿ ಅಂಗಡಿಯ ಒಂದು ಮರ್ಮವನ್ನು ತಿಳಿದಿರಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಪೌಂಡಿನ ಅಂಕಿ ಸಾಮಾನ್ಯವಾಗಿ ಕನಿಷ್ಠ ಭರವಸೆ ಮಾತ್ರ. ಅನೇಕ ದಾರಗಳು ಆ ಅಂಕಿಯನ್ನು ಮೀರಿ ತಾಳುತ್ತವೆ. ಮೀರುವುದು ಹೇಗೆ? ದಪ್ಪಗಾಗಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವ್ಯಾಸವನ್ನು ಕೊಟ್ಟಿರುತ್ತಾರೆ, ನೋಡಬೇಕಾದುದು ಅದನ್ನು. ಹತ್ತು ಪೌಂಡಿನ ನೈಲಾನ್ ೦.೨೮ರಿಂದ ೦.೩೦ ಮಿಲಿಮೀಟರಿನ ಸುತ್ತಮುತ್ತ ಇದ್ದರೆ ಸರಿ. ೦.೩೫ ಇದ್ದರೆ ಅದು ಹೆಸರು ಬದಲಿಸಿಕೊಂಡ ಹದಿನಾಲ್ಕು ಪೌಂಡಿನ ದಾರ: ಗಟ್ಟಿ ಹೌದು, ಆದರೆ ದೂರಕ್ಕೆ ಹಾರದು, ಚಿಕ್ಕ ಹುಸಿಮೀನಿನ ಈಜನ್ನೂ ಕೆಡಿಸುತ್ತದೆ.

ಇನ್ನು ನಿಜವಾದ ಮಿತವ್ಯಯ. ಸಾಧಾರಣ ಸ್ಪಿನ್ನಿಂಗ್ ರೀಲಿಗೆ ಹತ್ತು ಪೌಂಡಿನ ದಾರ ನೂರ ನಲವತ್ತು ಗಜದಷ್ಟು ಹಿಡಿಯುತ್ತದೆ. ಎಷ್ಟೇ ಬೀಸಿ ಎಸೆದರೂ ಹೋಗುವುದು ಮೂವತ್ತು ನಲವತ್ತು ಗಜ. ಎಂದರೆ ಒಳಗಿನ ಅರ್ಧ ದಾರ ನೀರನ್ನೇ ಕಾಣದೆ, ಬಿಸಿಲನ್ನೇ ಕಾಣದೆ ಹೊಸದಾಗಿಯೇ ಕುಳಿತಿರುತ್ತದೆ. ಅನೇಕರು ಪ್ರತಿ ಸಲವೂ ಪೂರ್ತಿ ಬಿಚ್ಚಿ ಬಿಸಾಡಿ, ಪೂರ್ತಿ ಹೊಸದನ್ನು ಸುತ್ತುತ್ತಾರೆ. ಇದು ಅಂಗಡಿಯವನಿಗೆ ಸಲ್ಲಿಸುವ ಕಾಣಿಕೆ. ಒಳಗಿನ ಎಪ್ಪತ್ತು ಗಜವನ್ನು ಹಾಗೆಯೇ ಬಿಟ್ಟು, ಮೇಲಿನ ಎಪ್ಪತ್ತು ಗಜವನ್ನು ಮಾತ್ರ ಬದಲಿಸಿದರೆ ಸಾಕು. ಮುನ್ನೂರು ಗಜದ ಸುರುಳಿಯಲ್ಲಿ ಮೊದಲ ಸಲ ರೀಲು ತುಂಬಿಸಿದ ಮೇಲೆಯೂ ಎರಡು ಸಲ ಬದಲಿಸುವಷ್ಟು ಉಳಿಯುತ್ತದೆ. ಎರಡನೆಯ ಸುರುಳಿ ಕೊಂಡಾಗ ನಾಲ್ಕು ಸಲ. ವಾರಕ್ಕೊಮ್ಮೆ ಕೆರೆಗೆ ಹೋಗುವವನು ಒಂದೂವರೆ ಎರಡು ತಿಂಗಳಿಗೊಮ್ಮೆ ಬದಲಿಸಿದರೆ ದಾರ ಸದಾ ಹೊಸದಾಗಿಯೇ ಇದ್ದಂತೆ. ನಲವತ್ತು ಡಾಲರಿನ ದಾರ ಕೊಂಡು, ಬೆಲೆ ಕೊಟ್ಟೆನೆಂಬ ಮಮತೆಯಿಂದ ಎರಡು ವರ್ಷ ಎಳೆಯುವವನಿಗಿಂತ ಈತನ ದಾರ ಹೆಚ್ಚು ಬಲವಾಗಿರುತ್ತದೆ.

ಸುತ್ತುವುದರಲ್ಲಿಯೂ ಒಂದು ಹದವಿದೆ. ಸುರುಳಿಯನ್ನು ನೆಲದ ಮೇಲೆ ಅಂಗಾತ ಇಟ್ಟು, ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು ಹತ್ತು ಹದಿನೈದು ಸುತ್ತು ಸುತ್ತಿ ನಿಲ್ಲಿಸಬೇಕು. ಸಡಿಲ ಬಿಟ್ಟಾಗ ದಾರ ಹುರಿಗೊಂಡು ಜಡೆಯಾದರೆ ಸುರುಳಿಯನ್ನು ಮಗುಚಿ ಹಾಕಬೇಕು, ಇಷ್ಟೇ. ಇದನ್ನು ಮಾಡದವರು ವರ್ಷವಿಡೀ ಸಿಕ್ಕು ಬಿಡಿಸುತ್ತ ಕೂರುತ್ತಾರೆ, ದಾರವನ್ನು ಬೈಯುತ್ತಾರೆ. ರೀಲಿನ ಅಂಚಿಗೆ ಒಂದು ದಪ್ಪ ಬಟ್ಟೆಯ ದಪ್ಪದಷ್ಟು ಜಾಗ ಬಿಟ್ಟು ತುಂಬಿಸಿದರೆ ದಾರ ಸಲೀಸಾಗಿ ಹೊರಡುತ್ತದೆ. ಉಳಿದ ಸುರುಳಿಯನ್ನು ಕಾರಿನ ಹಿಂಬದಿಯ ಕಾವಿನಲ್ಲಿ ಬಿಡದೆ, ಮನೆಯೊಳಗಿನ ಕತ್ತಲೆಯ ಗೂಡಿನಲ್ಲಿ ಇಡಬೇಕು.

ಹೀಗೆಲ್ಲ ಮಾಡಿದ ಮೇಲೂ ಅತ್ಯಂತ ದುರ್ಬಲ ಜಾಗವೊಂದು ಉಳಿಯುತ್ತದೆ: ಗಂಟು. ಕೆಟ್ಟ ಗಂಟು ಹತ್ತು ಪೌಂಡಿನ ದಾರವನ್ನು ಐದು ಪೌಂಡಿಗೆ ಇಳಿಸಬಲ್ಲದು. ಒಳ್ಳೆಯ ಗಂಟಿಗೆ ಕಾಸು ಖರ್ಚಿಲ್ಲ. ಪ್ಯಾಲೊಮಾರ್ ಎಂಬ ಗಂಟು ಕಲಿಯಲು ಸುಲಭ, ಬಲದಲ್ಲಿಯೂ ಮೇಲು. ಅರ್ಧ ಅಡಿಯಷ್ಟು ದಾರವನ್ನು ಜೋಡಿ ಮಾಡಿ, ಆ ಕುಣಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಬೇಕು. ಜೋಡಿ ದಾರದಿಂದಲೇ ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಬೇಕು. ಕೊಕ್ಕೆಯನ್ನು, ಹುಸಿಮೀನಾದರೆ ಇಡಿಯ ಹುಸಿಮೀನನ್ನು, ಕುಣಿಕೆಯ ಮೂಲಕ ದಾಟಿಸಬೇಕು. ಆಮೇಲೆ ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ ಎರಡೂ ಎಳೆಗಳನ್ನು ಒಟ್ಟಿಗೆ ನಿಧಾನವಾಗಿ ಬಿಗಿಯಬೇಕು. ಒದ್ದೆ ಮಾಡುವುದನ್ನು ಮರೆಯಬಾರದು. ಊಟದ ಮೇಜಿನ ಬಳಿ ಕುಳಿತು ಇಪ್ಪತ್ತು ಸಲ ಕಟ್ಟಿ ಬಿಚ್ಚಿದ ಹುಡುಗ ಕೆರೆಯ ದಂಡೆಯಲ್ಲಿ ಕತ್ತಲಾದಾಗಲೂ ಕಟ್ಟಬಲ್ಲ. ಪ್ರತಿ ಹತ್ತಿಪ್ಪತ್ತು ಎಸೆತಕ್ಕೊಮ್ಮೆ ತುದಿಯ ಒಂದು ಮಾರು ದಾರವನ್ನು ಬೆರಳುಗಳ ನಡುವೆ ಎಳೆದು ನೋಡಬೇಕು. ಸಣ್ಣ ಗೀರು ತಗಲಿದರೂ ಅಲ್ಲಿಂದ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಎರಡು ಅಡಿ ದಾರಕ್ಕೆ ಬೆಲೆಯೇನೆಂದು ಲೆಕ್ಕ ಹಾಕಿದರೆ ಎರಡು ಸೆಂಟಿನ ಆಸುಪಾಸು. ತುದಿಯಲ್ಲಿರುವುದು ಐದು ಡಾಲರಿನ ಸರಕು.

ರೀಲಿನ ಡ್ರ್ಯಾಗ್ ಎಂಬ ತಡೆಯನ್ನು ದಾರದ ಬಲದ ಕಾಲು ಭಾಗಕ್ಕೆ ಸರಿಯಾಗಿ ಹೊಂದಿಸಬೇಕು. ಹತ್ತು ಪೌಂಡಿನ ದಾರಕ್ಕೆ ಎರಡೂವರೆ ಪೌಂಡು. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿಯಿದ್ದರೆ ದಾರದ ತುದಿಯನ್ನು ಅದರ ಕೊಂಡಿಗೆ ಸಿಕ್ಕಿಸಿ ಎಳೆದು ಅಳೆಯಬಹುದು. ಹುಸಿಮೀನು ಎಲ್ಲಿಯಾದರೂ ತೊಡರಿಕೊಂಡಾಗ ಕೋಲನ್ನು ಬಗ್ಗಿಸಿ ಜಗ್ಗುವುದು ಹೆಚ್ಚಿನವರು ಮಾಡುವ ಕೆಲಸ. ಕೊಕ್ಕೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ದಾರವನ್ನು ಬಿಗಿಯಾಗಿಸಿ ವೀಣೆಯ ತಂತಿಯಂತೆ ಮೀಟಿ ತಟ್ಟನೆ ಸಡಿಲ ಬಿಡಬೇಕು. ಅದಕ್ಕೂ ಬಾರದಿದ್ದರೆ ದಂಡೆಯ ಉದ್ದಕ್ಕೆ ನಡೆದು, ಹೊಕ್ಕ ದಿಕ್ಕಿಗೆ ಎದುರು ದಿಕ್ಕಿನಿಂದ ಎಳೆಯಬೇಕು. ಹೋದವೆಂದು ಕೈಬಿಟ್ಟವುಗಳಲ್ಲಿ ಎಷ್ಟೋ ಹೀಗೆ ಮರಳುತ್ತವೆ.

ಕತ್ತರಿಸಿದ ತುಂಡುಗಳನ್ನು ಏನು ಮಾಡಬೇಕು? ನೈಲಾನಿನ ದಾರ ಕೊಳೆಯುವುದಿಲ್ಲ ಎಂಬುದು ರೇಷ್ಮೆಯ ಮುಂದೆ ಅದರ ದೊಡ್ಡ ಗುಣ. ದಂಡೆಯಲ್ಲಿ ಬಿಸಾಡಿದಾಗ ಅದೇ ದೊಡ್ಡ ಪಾಪ. ಬಕ, ಬಾತುಗಳ ಕಾಲಿಗೆ ಸುತ್ತಿಕೊಂಡ ದಾರ ವರ್ಷಗಟ್ಟಲೆ ಹಾಗೆಯೇ ಇರುತ್ತದೆ; ಹಕ್ಕಿ ಇರುವುದಿಲ್ಲ. ಫ್ಲಾರಿಡಾ ಮೊದಲಾದ ಕಡೆ ದೋಣಿಕಟ್ಟೆಗಳಲ್ಲಿ ಬಿಳಿಯ ಪ್ಲಾಸ್ಟಿಕ್ ಕೊಳವೆಗಳನ್ನು ನೆಟ್ಟಿದ್ದಾರೆ. ಹಳೆಯ ನೈಲಾನ್ ದಾರವನ್ನು ಅದರಲ್ಲಿ ಹಾಕಿದರೆ ಕರಗಿಸಿ ಬೇರೆ ಸಾಮಾನು ಮಾಡುತ್ತಾರೆ. ಹೆಣೆದ ದಾರವನ್ನು ಹೀಗೆ ಕರಗಿಸುವಂತಿಲ್ಲ; ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಮನೆಯ ಕಸದೊಡನೆ ಹಾಕಬೇಕು.

ಇನ್ನು ಪೆರ್ರಿಯ ದಿಮ್ಮಿಯ ಕಥೆ. ಅಂದು ಆತನ ರೀಲಿನಲ್ಲಿದ್ದುದು ೨೪ ಪೌಂಡು ತಾಳುತ್ತದೆಂದು ಹೆಸರಿದ್ದ, ನೀರು ಹಿಡಿಯದಂತೆ ಹದ ಮಾಡಿದ ದಾರ. ಅದು ಮೀನನ್ನೂ ತಂದಿತು, ಹುಸಿಮೀನನ್ನೂ ತಂದಿತು. ಊರಿಗೆ ಒಯ್ದು ತೂಗಿದಾಗ ೨೨ ಪೌಂಡು ೪ ಔನ್ಸು, ಎಂದರೆ ಹತ್ತು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಉದ್ದ ಮೂವತ್ತೆರಡೂವರೆ ಅಂಗುಲ. ಅಷ್ಟು ದೊಡ್ಡ ಬಾಸ್ ಮೀನು ಅದುವರೆಗೆ ದಾಖಲೆಯಾಗಿರಲಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸುವ ಯೋಚನೆ ಯಾರಿಗೂ ಬರಲಿಲ್ಲ. ಮನೆಗೆ ತಂದರು, ತಾಯಿ ಅಡುಗೆ ಮಾಡಿದಳು, ಎಲ್ಲರೂ ಉಂಡರು. ‘ಫೀಲ್ಡ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸ್ಪರ್ಧೆಗೆ ತೂಕದ ವಿವರ ಕಳುಹಿಸಿದ್ದಕ್ಕೆ ಪೆರ್ರಿಗೆ ೭೫ ಡಾಲರಿನ ಸಾಮಾನು ಬಹುಮಾನವಾಗಿ ಬಂತು. ಆತ ೧೯೭೪ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ದಾಖಲೆ ಎಪ್ಪತ್ತೇಳು ವರ್ಷ ಹಾಗೆಯೇ ನಿಂತಿತ್ತು. ೨೦೦೯ನೆಯ ಇಸವಿ ಜುಲೈ ೨ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಎಂಬಾತ ೨೫ ಪೌಂಡಿನ ದಾರದಲ್ಲಿ ಹಿಡಿದ ಬಾಸ್ ಮೀನು ಪೆರ್ರಿಯದಕ್ಕಿಂತ ಒಂದು ಔನ್ಸಿಗೂ ಕಡಿಮೆ ಅಂತರದಲ್ಲಿ ಹೆಚ್ಚು ತೂಗಿತು. ಹಳೆಯ ದಾಖಲೆಯನ್ನು ಅಳಿಸಬೇಕಾದರೆ ಕಡೆಯ ಪಕ್ಷ ಎರಡು ಔನ್ಸಿನ ಅಂತರ ಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ. ಆದುದರಿಂದ ಪುಸ್ತಕದಲ್ಲಿ ಈಗ ಇಬ್ಬರ ಹೆಸರೂ ಅಕ್ಕಪಕ್ಕದಲ್ಲಿವೆ.